ಸತ್ತೂರಿನ ನಗೆಗಾರನ ಒಂದು ದಿನ

ಸತ್ತೂರಿಗೆ ನಾವು ಹೋದದ್ದು ಅಕ್ಕನ ಮಗನನ್ನು ನೋಡಲಿಕ್ಕೆ. ಹುಬ್ಬಳ್ಳಿ–ಧಾರವಾಡದ ನಡುವೆ ಇರುವ ಈ ಊರಿನಲ್ಲಿ ವೈದ್ಯಕೀಯ, ದಂತ ವೈದ್ಯಕೀಯ ಕಾಲೇಜುಗಳಿವೆ. ಹುಡುಗ ಸ್ನೇಹಿತರ ಜೊತೆ ಬಾಡಿಗೆ ರೂಮಿನಲ್ಲಿದ್ದಾನೆ. "ಊಟಕ್ಕೆ ಎಂತ ಮಾಡ್ತೀಯಾ?" ಎಂದು ಕೇಳಿದೆವು. "ಅನ್ನ ನಾವೇ ಬೇಯಿಸ್ತೇವೆ ಮಾಮ. ಜೋಳದ ರೊಟ್ಟಿ ಹಿಂದಿನ ಮನೆಯಿಂದ ಬರ್ತದೆ. ತಂದು ಕೊಡುವವರು ನಾಟಕದಲ್ಲಿ ಹಾಸ್ಯ ಮಾಡುವವರು" ಎಂದ.

ಸ್ವಲ್ಪ ಹೊತ್ತಿನಲ್ಲಿ ಅವರೇ ಬಂದರು. ವಯಸ್ಸು 46. ಗದಗ ಕಡೆಯ ನದಾಫ್ ಮನೆತನ. ನಮ್ಮ ಟೊಪ್ಪಿ, ಗಡ್ಡ ನೋಡಿ "ಸಲಾಂ ಹಜರತ್" ಎಂದರು. ನಮ್ಮ ಕಡೆ 'ಉಸ್ತಾದ್', ಅಲ್ಲಿ 'ಹಜರತ್'. ಅವತ್ತು ಸಂಜೆ ಧಾರವಾಡದ ಒಂದು ಕಲಾ ಉತ್ಸವದಲ್ಲಿ ಅವರ ಕಾರ್ಯಕ್ರಮ ಇತ್ತು. 20 ನಿಮಿಷ, 3,000 ರೂಪಾಯಿ ಸಂಭಾವನೆ. "ನೀವೂ ಬರ್ರಿ, ನಗುವವರು ನಾಕು ಮಂದಿ ಜಾಸ್ತಿ ಆಗ್ತಾರ" ಎಂದು ಕರೆದರು.

ಅವರ ಪತ್ನಿ ನಗಲಿಲ್ಲ. ಆ ಮನೆಯ ಒಲೆ ಬೆಳಿಗ್ಗೆ ನಾಲ್ಕಕ್ಕೆ ಹೊತ್ತುತ್ತದೆ. ರೊಟ್ಟಿ ಬಡಿದೇ ಇಬ್ಬರು ಮಕ್ಕಳನ್ನು ಓದಿಸುತ್ತಿರುವವರು ಅವರು. ಗಂಡನಿಗೆ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಕೆಲಸ ಗೊತ್ತಾಗಿದೆ. ಮರುದಿನ ಬೆಳಿಗ್ಗೆಯೇ ಹೇಳಬೇಕು, ಬರುತ್ತೇನೆ ಅಥವಾ ಇಲ್ಲ. "ಇವತ್ತಿನ ಪ್ರೋಗ್ರಾಂ ನೋಡಿ ಹೇಳ್ತೀನಿ ಅಂದಾರ. ಹದಿನೈದು ವರ್ಷದಿಂದ ಇದನ್ನ ಹೇಳ್ತಾರ" ಎಂದರು ಆ ತಾಯಿ.

ಮಧ್ಯಾಹ್ನ ಚಿಗರಿ ಬಸ್ ಹತ್ತಿದೆವು. ದಾರಿಯಲ್ಲಿ ಅವರ ಕಥೆ ಕೇಳಿದೆವು. ಹತ್ತೊಂಬತ್ತನೇ ವಯಸ್ಸಿಗೆ ನಾಟಕ ಕಂಪನಿ ಸೇರಿದವರು. ಮೊದಲು ಪರದೆ ಎಳೆಯುವ ಕೆಲಸ, ಆಮೇಲೆ ಹಾಸ್ಯದ ಪಾತ್ರ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಹಲವು ಕಂಪನಿಗಳು ಸಾಲಾಗಿ ಟೆಂಟ್ ಹಾಕುತ್ತವೆ. ಒಂದೇ ದಿನದಲ್ಲಿ ಎರಡು ಮೂರು ಆಟ, ಬೆಳಕು ಹರಿಯುವವರೆಗೆ. "ಪಕ್ಕದ ಟೆಂಟಿನಾಗ ನಗು ಜೋರಾದ್ರ ನಮ್ಮ ಮಾಲಕರು ನನ್ನ ಮುಖಾ ನೋಡ್ತಿದ್ರು" ಎಂದರು.

ಕಂಪನಿ ನಾಟಕದಲ್ಲಿ ಹಾಸ್ಯಗಾರ ಎಂದರೆ ಸಣ್ಣ ಸ್ಥಾನವಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯನ್ನು ನಾಡಿಗೆಲ್ಲ ಪರಿಚಯಿಸಿದ ವೀರಣ್ಣನವರು ಸ್ವತಃ ಹಾಸ್ಯ ಪಾತ್ರಕ್ಕೆ ಹೆಸರಾದವರು. 1954ರ 'ಬೇಡರ ಕಣ್ಣಪ್ಪ'ದ ನರಸಿಂಹರಾಜು ಅವರೂ ರಂಗಭೂಮಿಯಿಂದಲೇ ಸಿನಿಮಾಕ್ಕೆ ಹೋದವರು. ಉತ್ತರ ಕರ್ನಾಟಕದ ಕಂಪನಿಗಳಿಗೆ ಎಲ್.ಬಿ.ಕೆ. ಆಲ್ದಾಳರಂಥ ಮುಸ್ಲಿಂ ನಾಟಕಕಾರರೂ ಬರೆದಿದ್ದಾರೆ. ಆದರೆ ಟಿ.ವಿ. ಬಂತು, ಮೊಬೈಲ್ ಬಂತು, ಕೊನೆಗೆ ಕೊರೊನಾ ಬಂತು. ಇವರ ಕಂಪನಿ ಟೆಂಟ್ ಮಡಚಿತು. 2021ರ ಲಾಕ್‌ಡೌನಿನಲ್ಲಿ ಸರಕಾರ ಕಲಾವಿದರಿಗೆ ಘೋಷಿಸಿದ ನೆರವು 3,000 ರೂಪಾಯಿ. ಮಾಸಾಶನ ಬೇಕೆಂದರೆ 58 ವರ್ಷ ತುಂಬಬೇಕು. "ಅಲ್ಲೀತನ ನಗಸ್ಕೋತ ಇರಬೇಕು, ಹೊಟ್ಟಿ ಮಾತ್ರ ಸುಮ್ಮನಿರಬೇಕು" ಎಂದರು.

ನಾವು ಮದ್ರಸದವರು. ಸುಮ್ಮನಿರಲಾಗದೆ ಕೇಳಿಯೇ ಬಿಟ್ಟೆವು: "ಜನರನ್ನು ನಗಿಸಲಿಕ್ಕೆ ಸುಳ್ಳು ಹೇಳಬಾರದು ಅಂತ ಇದೆಯಲ್ಲ?" ಅವರು ತಡಮಾಡಲಿಲ್ಲ. "ಸುಳ್ಳು ಯಾಕ ಬೇಕ್ರಿ ಹಜರತ್? ನಮ್ಮ ಮನೀ ಖರೇ ಸುದ್ದಿ ಹೇಳಿದ್ರ ಸಾಕು, ಮಂದಿ ನಗ್ತಾರ!"

ಐದು ಗಂಟೆಗೆ ಎಂದಿದ್ದ ಕಾರ್ಯಕ್ರಮ. ಅಸರ್ ಆಯಿತು, ಮಗ್ರಿಬ್ ಆಯಿತು, ಹೆಸರು ಕರೆಯಲಿಲ್ಲ. ಬಣ್ಣ ಹಚ್ಚಿಕೊಂಡ ಮುಖದಲ್ಲಿ ಅವರು ವೇದಿಕೆಯ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ಇದ್ದರು. ಬಣ್ಣ ಕೆಡುತ್ತದೆಂದು ಚಹಾ ಕೂಡ ಕುಡಿಯಲಿಲ್ಲ. ಗಣ್ಯರ ಭಾಷಣ, ಸನ್ಮಾನ, ಡ್ಯಾನ್ಸ್ ಎಲ್ಲ ಮುಗಿದು ಇಶಾ ದಾಟಿದ ಮೇಲೆ ಒಬ್ಬರು ಬಂದು, "ಏಳು ನಿಮಿಷದಾಗ ಮುಗಸ್ರಿ" ಎಂದು ಹೇಳಿ ಹೋದರು.

ಮೊದಲು ಸಿನಿಮಾ ನಟರ ಮಿಮಿಕ್ರಿ ಮಾಡಿದರು. ಯಾರೂ ನಗಲಿಲ್ಲ. ಮುಂದಿನ ಸಾಲಿನವರು ಎದ್ದು ಹೊರಟರು. ಹಿಂದಿನಿಂದ ಹುಡುಗರು "ಡಿಜೆ, ಡಿಜೆ" ಎಂದು ಕೂಗಿದರು. ನಮಗೇ ತಲೆ ತಗ್ಗಿಸುವ ಹಾಗಾಯಿತು. ಅಷ್ಟರಲ್ಲಿ ಮೈಕ್ ಕೂಡ ಕೈಕೊಟ್ಟಿತು.

ಅವರು ಮೈಕನ್ನು ಕೆಳಗಿಟ್ಟರು. ಒಂದು ಹೆಜ್ಜೆ ಮುಂದೆ ಬಂದು, ಕಂಪನಿಯಲ್ಲಿ ಕಲಿತ ಗಂಟಲು ತೆರೆದರು. ಟೆಂಟಿನ ಕೊನೆಯ ಸಾಲಿಗೆ ಮುಟ್ಟಿಸಿ ಅಭ್ಯಾಸವಾದ ದನಿ. ಹುಡುಗರು ಸುಮ್ಮನಾದರು.

"ನಾನು ರೊಟ್ಟಿ ಮಾರಾಂವ. ಮೊನ್ನೆ ಹಲ್ಲಿನ ಡಾಕ್ಟರ್ ಕಲಿಯೂ ಹುಡುಗ ಫೋನ್ ಮಾಡಿದ. 'ಅಂಕಲ್, ನಿಮ್ಮ ಕಡಕ್ ರೊಟ್ಟಿ ಭಾಳ ಗಟ್ಟಿ ಅದಾವು' ಅಂದ. ನಾ ಅಂದೆ, 'ತಮ್ಮಾ, ಬಯ್ಯಬ್ಯಾಡ. ನೀ ಡಾಕ್ಟರ್ ಆಗೂದ್ರಾಗ ನಿನಗ ಪೇಷಂಟ್ ತಯಾರ ಮಾಡಾಕತ್ತೀವಿ!'"

ಪೆಂಡಾಲು ನಕ್ಕಿತು. ನಮ್ಮ ಅಳಿಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಫೋನ್ ಮಾಡಿದ ಹುಡುಗ ಅವನೇ! ಆಮೇಲೆ ಬಂದದ್ದು ಹೆಂಡತಿಯ ಬೈಗಳು, ರೊಟ್ಟಿಯ ಉದ್ರಿ ಲೆಕ್ಕ, ವಾಚ್‌ಮನ್ ಕೆಲಸ. ಎಲ್ಲ ಖರೇ ಸುದ್ದಿಯೇ. ಎದ್ದು ಹೋಗಿದ್ದವರಲ್ಲಿ ಕೆಲವರು ತಿರುಗಿ ಬಂದು ನಿಂತರು.

ಲೆಕ್ಕ ಕೊಡುವಾಗ ಕವರಿನಲ್ಲಿ ಇದ್ದದ್ದು 1,500. "ಉಳಿದದ್ದು ಆಮೇಲೆ ನೋಡೋಣು" ಎಂದರಂತೆ. ನಾವು ಕೇಳಲು ಹೊರಟಾಗ ಅವರು ಕೈ ಹಿಡಿದರು. "ಬ್ಯಾಡ್ರಿ, ಮುಂದಿನ ವರ್ಷ ಕರೆಯೂದಿಲ್ಲ."

ಮನೆಗೆ ಬಂದಾಗ ಆ ತಾಯಿ ಎಚ್ಚರವಿದ್ದರು. ಹಣದ ಮಾತು ಎತ್ತಲಿಲ್ಲ. "ನಕ್ಕರೇನು?" ಎಂದಷ್ಟೇ ಕೇಳಿದರು. "ಕಡೀ ಸಾಲಿನತನಕ" ಎಂದರು ಇವರು. ಕವರನ್ನು ರೊಟ್ಟಿ ಬುಟ್ಟಿಯ ಹತ್ತಿರ ಇಟ್ಟರು. ಆ ತಾಯಿ ಎಣಿಸಿ ನೋಡಿ, ಏನೂ ಹೇಳದೆ ಒಳಗೆ ಹೋದರು.

ಮರುದಿನ ಫಜ್ರ್ ಮುಗಿಸಿ ಬರುವಾಗ ಅವರು ಫೋನಿನಲ್ಲಿ ಮಾತಾಡುತ್ತಿದ್ದರು. "ಬರ್ತೀನ್ರಿ. ಆದ್ರ ಹಗಲ ಡ್ಯೂಟಿ ಕೊಡ್ರಿ. ಸಂಜೀಕ ನನಗ ಬ್ಯಾರೆ ಕೆಲಸ ಇರ್ತದ."

ನಮ್ಮ ಮನೆಗಳಲ್ಲಿ ಮದುವೆ ಇದೆ, ಶಾಲೆಗಳಲ್ಲಿ ವಾರ್ಷಿಕೋತ್ಸವ ಇದೆ, ಮೀಲಾದ್ ವೇದಿಕೆಗಳಿವೆ. ಬ್ಯಾರಿ ಹಾಡುಗಾರರನ್ನೂ ದಫ್ ತಂಡಗಳನ್ನೂ ಕರೆಯುತ್ತೇವೆ. ಹೊತ್ತು ಮೀರಿದ ಮೇಲೆ ವೇದಿಕೆಗೆ ಹತ್ತಿಸಿ, "ಸ್ವಲ್ಪ ಬೇಗ ಮುಗಿಸಿ" ಎಂದವರು ನಮ್ಮಲ್ಲೂ ಇದ್ದಾರೆ. ಕವರಿನಲ್ಲಿ ಕಡಿಮೆ ಇಟ್ಟವರೂ ಇದ್ದಾರೆ. ಕೂಲಿಯವನ ಬೆವರು ಆರುವ ಮೊದಲು ಕೂಲಿ ಕೊಡಿ ಎಂಬ ಪ್ರವಾದಿ ವಚನವನ್ನು ಮದ್ರಸದಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುವವರು ನಾವು. ಬಣ್ಣದ ಕೆಳಗೂ ಬೆವರು ಇರುತ್ತದೆ ಎಂಬುದು ನಮಗೆ ಗೊತ್ತಾದದ್ದು ಸತ್ತೂರಿಗೆ ಹೋದ ಮೇಲೆ.