ಬಿಲ್ಲು ಎಲ್ಲರದು, ಪಾಯಿಂಟು ಯಾರದು?

ದಸರಾ ರಜೆಯಲ್ಲಿ ಏಳನೇ ತರಗತಿಯ ನನ್ನ ಮೊಮ್ಮಗಳು ಅವಳ ಕಾಕಾನ ಜೊತೆ ಯಾದಗಿರಿಯಿಂದ ಸುರಪುರಕ್ಕೆ ಹೋಗಿದ್ದಳು. ಕಾಕಾ ಎಂದರೆ ನನ್ನ ಕಿರಿಯ ಮಗ. ಪಂಪ್‌ಸೆಟ್ ಕಂಪನಿಯೊಂದರ ಮಾರಾಟ ಪ್ರತಿನಿಧಿ. ದಾರಿಯಲ್ಲಿ ಭೀಮಾ ನದಿ, ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ, ಎಲ್ಲವನ್ನೂ ನೋಡಿ ಬಂದ ಹುಡುಗಿ ಸಂಜೆ ಅದನ್ನೆಲ್ಲ ಬಿಟ್ಟು ಬೇರೆಯದನ್ನೇ ಕೇಳಿದಳು.

“ಮುತ್ಯಾ, ಊಟದ ರೊಕ್ಕ ಎಲ್ಲಾರೂ ಕೊಟ್ರು. ಪಾಯಿಂಟ್ ಕಾಕಾ ಒಬ್ಬಂಗ ಹೆಂಗ ಬಂದ್ವು?”

ನಡೆದದ್ದು ಇಷ್ಟು. ಸುರಪುರದ ಹಿರಿಯ ಸಾವಕಾರರೊಬ್ಬರ ಅಂಗಡಿಯಲ್ಲಿ ವ್ಯಾಪಾರದ ಮಾತುಕತೆ ಇತ್ತು. ಬೇರೆ ಊರುಗಳಿಂದ ಇನ್ನೂ ಮೂವರು ಅಂಗಡಿಯವರು ಬಂದಿದ್ದರು. ಮಧ್ಯಾಹ್ನ ಸಾವಕಾರರೇ ಎಲ್ಲರನ್ನೂ ಖಾನಾವಳಿಗೆ ಕರೆದೊಯ್ದರು. ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ. ಆರು ಊಟ, ತಲಾ 160 ರೂಪಾಯಿ, ಬಿಲ್ಲು 960. ಬಿಲ್ಲು ಬಂದ ಕೂಡಲೇ ನನ್ನ ಮಗ ಎದ್ದು ತನ್ನ ಕ್ರೆಡಿಟ್ ಕಾರ್ಡ್ ಕೊಟ್ಟ. ಆಮೇಲೆ, “ನಿಮ್ಮ ನಿಮ್ಮ ಪಾಲು ನನಗ ಫೋನಿನ್ಯಾಗ ಹಾಕ್ರಿ” ಅಂದ. ಎಲ್ಲರೂ ಹಾಕಿದರು.

ಮಗನನ್ನು ಕರೆದು ಕೇಳಿದೆ. ಅವನು ನಕ್ಕ. “ಅಪ್ಪಾ, ಅವರ ಪಾಲು ಅವರು ಕೊಟ್ಟಾರ. ಪಾಯಿಂಟ್ ಪುಕ್ಕಟೆ ಬರ್ತಾವ. ಇದರಾಗ ಯಾರಿಗೆ ನಷ್ಟ?”

ಮಕ್ಕಳೇ, ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನಮ್ಮ ಕಾಲದಲ್ಲಿ ಲೆಕ್ಕ ತಾಳೆಯಾಗದಿದ್ದರೆ ರಾತ್ರಿಯಾದರೂ ಲೆಡ್ಜರ್ ಮುಚ್ಚುವಂತಿರಲಿಲ್ಲ. ಒಂದು ಕಡೆ ಜಮಾ ಆದರೆ ಇನ್ನೊಂದು ಕಡೆ ಖರ್ಚು ಬಿದ್ದಿರಲೇಬೇಕು. ಹಾಗಾದರೆ ಈ ಪಾಯಿಂಟಿನ ಖರ್ಚು ಎಲ್ಲಿ ಬಿತ್ತು? ಮೊಮ್ಮಗಳಿಗೆ ಪೆನ್ಸಿಲ್ ಹಿಡಿಸಿದೆ.

ಮಗನ ಕಾರ್ಡಿನಲ್ಲಿ 100 ರೂಪಾಯಿಗೆ ಒಂದು ಪಾಯಿಂಟ್, ಒಂದು ಪಾಯಿಂಟಿಗೆ 25 ಪೈಸೆ. 960 ರೂಪಾಯಿಗೆ ಒಂಬತ್ತು ಪಾಯಿಂಟ್. ಅಂದರೆ ಎರಡೂಕಾಲು ರೂಪಾಯಿ. ಇನ್ನು ಖಾನಾವಳಿಯವರ ಕಡೆ ನೋಡೋಣ. ಕ್ರೆಡಿಟ್ ಕಾರ್ಡ್ ಉಜ್ಜಿದಾಗ ಅಂಗಡಿಯವರಿಗೆ ಪೂರ್ತಿ ಹಣ ಸಿಗುವುದಿಲ್ಲ. ಬ್ಯಾಂಕುಗಳು ಮತ್ತು ಕಾರ್ಡ್ ಕಂಪನಿ ಶುಲ್ಕ ಮುರಿದುಕೊಳ್ಳುತ್ತವೆ. ಅದು ಶೇ. 2 ಎಂದು ಇಟ್ಟುಕೊಂಡರೆ 960ಕ್ಕೆ 19 ರೂಪಾಯಿ 20 ಪೈಸೆ. ಕಾರ್ಡ್ ಕೊಟ್ಟ ಬ್ಯಾಂಕು ಆ ಶುಲ್ಕದಲ್ಲಿ ತನಗೆ ಬಂದ ಪಾಲಿನಿಂದಲೇ ಪಾಯಿಂಟ್ ಹಂಚುತ್ತದೆ. ರೊಟ್ಟಿ ಬಡಿದವರಿಗೆ 19 ರೂಪಾಯಿ ಕಡಿಮೆ, ನಮ್ಮವನಿಗೆ ಎರಡೂಕಾಲು ರೂಪಾಯಿ ಹೆಚ್ಚು!

ಅಷ್ಟೇ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಮೊಮ್ಮಗಳು ಇನ್ನೊಂದು ಮಾತು ಹೇಳಿದಳು: “ಸಾವಕಾರ್ರು ಕಿಸೆದಾಗ ಕೈ ಹಾಕಿದ್ರು ಮುತ್ಯಾ. ಅಷ್ಟರಾಗ ಕಾಕಾ ಕಾರ್ಡ್ ಕೊಟ್ಟಬಿಟ್ಟ. ಆಮ್ಯಾಲ ಅವರು ಎಲಿ-ಅಡಕಿನೂ ತಿನ್ನಲಿಲ್ಲ.”

ಮಗನ ನಗು ನಿಂತಿತು. ನಮ್ಮ ಕಡೆ ಊರಿಗೆ ಬಂದವರಿಗೆ ಉಣಿಸುವುದು ಆ ಊರಿನವರ ಹಕ್ಕು. ಕರೆದವರು ಅವರು, ಕರೆದೊಯ್ದವರು ಅವರು. ಎರಡೂಕಾಲು ರೂಪಾಯಿಗೆ ಹಿರಿಯರೊಬ್ಬರ ಆತಿಥ್ಯ ಕಸಿದು, ಅವರ ಊಟಕ್ಕೆ ಅವರಿಂದಲೇ 160 ರೂಪಾಯಿ ವಸೂಲಿ ಮಾಡಿದಂತಾಯಿತು.

ಕಾರ್ಡಿಗೂ ಊಟಕ್ಕೂ ನಂಟು ಹಳೆಯದು. 1950ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ ಕಾರ್ಡ್ ಶುರುವಾದದ್ದೇ ಹೋಟೆಲಿನ ಊಟದ ಬಿಲ್ಲಿಗಾಗಿ. ಪಾಯಿಂಟುಗಳು ಬಂದದ್ದು ಆಮೇಲೆ. ಅವು ಯಾರವು ಎಂಬ ಪ್ರಶ್ನೆ ಸರ್ಕಾರಗಳನ್ನೂ ಬಿಟ್ಟಿಲ್ಲ. ಕಚೇರಿ ಕೆಲಸದ ವಿಮಾನ ಪ್ರಯಾಣದಲ್ಲಿ ಬಂದ ಪಾಯಿಂಟುಗಳನ್ನು ಕಚೇರಿಯ ಪ್ರಯಾಣಕ್ಕೇ ಬಳಸಬೇಕೆಂದು ನಮ್ಮ ಕೇಂದ್ರ ಹಣಕಾಸು ಸಚಿವಾಲಯ ತನ್ನ ನೌಕರರಿಗೆ ಹೇಳಿದೆ. ಅಮೆರಿಕ ಮಾತ್ರ 2001ರ ಕಾನೂನಿನಲ್ಲಿ, ನೌಕರರೇ ಇಟ್ಟುಕೊಳ್ಳಲಿ ಎಂದಿತು. ಉತ್ತರ ಎರಡಿವೆ. ಆದ್ದರಿಂದ ಮೊದಲು ಕೇಳುವುದೇ ಸರಿ.

ಕಾರ್ಡ್ ಇಟ್ಟುಕೊಂಡ ಮನೆಯವರಿಗೆ ನನ್ನ ನಾಲ್ಕು ಮಾತು. ಕರೆದವರು ಬಿಲ್ಲು ಕೊಡಲಿ, ನಡುವೆ ನುಗ್ಗಬೇಡಿ. ಹಂಚಿಕೊಳ್ಳುವ ಊಟವಾದರೆ, “ನಾನು ಕಾರ್ಡಿನಲ್ಲಿ ಕೊಡಲೇ? ನನಗೆ ಪಾಯಿಂಟ್ ಬರುತ್ತವೆ” ಎಂದು ಬಾಯಿಬಿಟ್ಟು ಕೇಳಿ, ಯಾರೂ ಬೇಡ ಎನ್ನಲಾರರು. ಖರ್ಚು ಕಂಪನಿಯದಾದರೆ ಅದರ ನಿಯಮ ತಿಳಿದುಕೊಳ್ಳಿ. ಪಾಯಿಂಟಿನ ಆಸೆಗೆ ದುಬಾರಿ ಹೋಟೆಲ್ ಹುಡುಕಬೇಡಿ. ಕಾರ್ಡಿನ ಬಾಕಿಯನ್ನು ಗಡುವಿನೊಳಗೆ ಪೂರ್ತಿ ಕಟ್ಟಿ. ಅನೇಕ ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ. 3ಕ್ಕೂ ಹೆಚ್ಚು. ಅದರ ಮುಂದೆ ಪಾಯಿಂಟ್ ಯಾವ ಲೆಕ್ಕ?

ಅಂದೇ ರಾತ್ರಿ ಮಗ ಸುರಪುರಕ್ಕೆ ಫೋನ್ ಮಾಡಿದ. “ಸಾವಕಾರ್ರ, ತಪ್ಪಾತು. ನಿಮ್ಮೂರಾಗ ನಾ ಕೈ ಮುಂದ ಮಾಡಬಾರದಿತ್ತು” ಅಂದ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಇರಲಿ ಬಿಡಪ್ಪಾ. ಮುಂದಿನ ಸಲ ಖಾನಾವಳಿ ಬ್ಯಾಡ, ಮನಿಗೇ ಬಾ. ಆ ಹುಡುಗಿನ್ನೂ ಕರ್ಕೊಂಡು ಬಾ” ಎಂದರು.

ದೀಪಾವಳಿ ಮುಗಿದ ಮೇಲೆ ಇಬ್ಬರೂ ಹೋಗಿ ಉಂಡು ಬಂದರು. ಸಾವಕಾರರು ಎಲೆ-ಅಡಿಕೆ ಹಾಕಿಕೊಂಡರಂತೆ. ಅದನ್ನು ಮೊಮ್ಮಗಳು ಮರೆಯದೆ ನನಗೆ ವರದಿ ಮಾಡಿದಳು.