ಮರಳಿಗೆ ಇಳಿಯುವ ಮುನ್ನ ಗಾಳಿ ಇಳಿಸಿ

ಮರಳಿನಲ್ಲಿ ಗಾಡಿ ಹೂತುಕೊಂಡರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಆಕ್ಸಿಲರೇಟರ್ ಒತ್ತುವುದು. ಚಕ್ರ ಗಿರ್ರನೆ ತಿರುಗಿ ಮರಳು ಹಿಂದಕ್ಕೆ ಚಿಮ್ಮುತ್ತದೆ, ಗಾಡಿ ಇದ್ದಲ್ಲೇ ಇನ್ನಷ್ಟು ಕುಸಿಯುತ್ತದೆ. ಎಂಜಿನ್ನಿಗೆ ಕಸುವು ಸಾಲದೆ ಹೀಗಾಯಿತು ಅನ್ನಿಸುವುದು ಸಹಜ. ನಿಜಕ್ಕೂ ಬಲ ಸಾಲದಿರುವುದು ನೆಲಕ್ಕೆ. ಒಣ ಮರಳಿನ ಕಣಗಳು ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ, ಮೇಲೆ ಭಾರ ಬಿದ್ದರೆ ಪಕ್ಕಕ್ಕೆ ಜಾರುತ್ತವೆ. ಆ ಭಾರವನ್ನು ಹೆಚ್ಚು ಜಾಗಕ್ಕೆ ಹಂಚಬೇಕು. ಅದಕ್ಕೆ ದುಬಾರಿ ಸಲಕರಣೆ ಏನೂ ಬೇಡ, ಟೈರಿನ ಗಾಳಿ ಇಳಿಸಿದರಾಯಿತು.

ಎರಡು ಟನ್ ತೂಕದ ಜೀಪು ಎಂದುಕೊಳ್ಳಿ. ಒಂದೊಂದು ಚಕ್ರದ ಮೇಲೆ ಹೆಚ್ಚುಕಡಿಮೆ 500 ಕಿಲೋ ಭಾರ. ರಸ್ತೆಗೆಂದು ಹೊಡೆಸಿದ 32 ಪಿಎಸ್‌ಐ ಗಾಳಿ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೋ ಒತ್ತಡ. ಅಷ್ಟು ಗಾಳಿಯಿದ್ದರೆ ಆ ಭಾರ ಹೊರಲು ಟೈರಿನ ಸುಮಾರು 220 ಚದರ ಸೆಂಟಿಮೀಟರ್ ನೆಲಕ್ಕೆ ತಾಗಿದರೆ ಸಾಕು. ಬೆರಳು ಬಿಡಿಸಿಟ್ಟ ಹಸ್ತಕ್ಕಿಂತ ತುಸು ದೊಡ್ಡ ಜಾಗ. ಗಾಳಿಯನ್ನು 16 ಪಿಎಸ್‌ಐಗೆ ಇಳಿಸಿದರೆ ಈ ಜಾಗ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಟೈರಿನ ಪಕ್ಕದ ಗೋಡೆಯೂ ಒಂದಿಷ್ಟು ಭಾರ ಹೊರುವುದರಿಂದ ಲೆಕ್ಕ ಕರಾರುವಾಕ್ಕಾಗಿ ಕೂರುವುದಿಲ್ಲ, ಆದರೆ ದಿಕ್ಕು ಇದೇ. ಟೈರು ಅಗಲಕ್ಕೆ ಹರಡುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಹೆಚ್ಚಾಗಿ ಬೆಳೆಯುವುದು ಉದ್ದಕ್ಕೆ. ಲಾಭ ಇರುವುದೂ ಅಲ್ಲೇ. ಆಳಕ್ಕೆ ಹೂತ ಚಕ್ರ ತನ್ನ ಮುಂದೆ ತಾನೇ ಒಟ್ಟಿಕೊಂಡ ಮರಳಿನ ದಿಬ್ಬವನ್ನು ಗಳಿಗೆಗಳಿಗೆಗೂ ಹತ್ತುತ್ತಿರಬೇಕು. ಉದ್ದಕ್ಕೆ ಚಪ್ಪಟೆಯಾದ ಟೈರು ಅಷ್ಟು ಹೂಳುವುದಿಲ್ಲ, ದಿಬ್ಬವೂ ಏಳುವುದಿಲ್ಲ.

ಫೋರ್ ವೀಲ್ ಡ್ರೈವ್ ಇದ್ದರೆ ಇದೆಲ್ಲ ಯಾಕೆ ಎಂಬ ವಾದವಿದೆ. ಇದಕ್ಕೆ ಇತಿಹಾಸವೇ ಉತ್ತರ ಕೊಡುತ್ತದೆ. ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್ 1930ರ ಆಸುಪಾಸಿನಲ್ಲಿ ಲಿಬಿಯಾ ಮರುಭೂಮಿಯ ಮರಳುಗುಡ್ಡಗಳನ್ನು ದಾಟಿದ್ದು ಹಿಂದಿನ ಎರಡೇ ಚಕ್ರಗಳಿಗೆ ಶಕ್ತಿಯಿದ್ದ ಫೋರ್ಡ್ ಕಾರುಗಳಲ್ಲಿ. ಕಡಿಮೆ ಗಾಳಿಯ ಟೈರು, ಹೂತಾಗ ಚಕ್ರದಡಿ ಇಡಲು ಉಕ್ಕಿನ ಪಟ್ಟಿ, ಇವೇ ಅವರ ಬಂಡವಾಳ. 1940ರಲ್ಲಿ ಅವರು ಕಟ್ಟಿದ ಸೇನಾ ತುಕಡಿಯೂ ಮೊದಮೊದಲು ಅಂಥದೇ ಟ್ರಕ್ಕುಗಳಲ್ಲಿ ಸಹಾರಾ ಸುತ್ತಿತು. ನಾಲ್ಕೂ ಚಕ್ರ ತಿರುಗುವುದು ಒಳ್ಳೆಯದೇ, ಆದರೆ ಗಟ್ಟಿ ಗಾಳಿಯ ಟೈರಿನಲ್ಲಿ ಅವು ಎರಡರ ಬದಲು ನಾಲ್ಕು ಗುಂಡಿ ತೋಡುತ್ತವೆ, ಅಷ್ಟೇ.

ಗಾಳಿ ಇಳಿಸಿದರೆ ಟೈರು ಹಾಳಾಗುತ್ತದೆ ಎಂಬ ಆಕ್ಷೇಪವನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಮೆತ್ತಗಿನ ಟೈರನ್ನು ಡಾಂಬರಿನ ಮೇಲೆ ವೇಗವಾಗಿ ಓಡಿಸಿದರೆ ಅದರ ಗೋಡೆ ಸುತ್ತುಸುತ್ತಿಗೂ ಬಾಗಿ ಕಾದು ಕೊನೆಗೆ ಒಡೆಯಬಹುದು. ಮರಳಿನಲ್ಲೂ ತೀರಾ ಕಡಿಮೆ ಗಾಳಿಯಿಟ್ಟು ಸ್ಟೇರಿಂಗ್ ಗಕ್ಕನೆ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಈ ಅಪಾಯ ವೇಗಕ್ಕೂ ಮಿತಿಮೀರಿದ ಇಳಿಕೆಗೂ ಅಂಟಿದ್ದು. ಗಾಳಿಯನ್ನೇ ಇಳಿಸಬಾರದು ಎನ್ನುವುದಕ್ಕೆ ಅದು ಕಾರಣವಾಗದು. ಸಾಮಾನ್ಯ ಜೀಪಿಗೆ 15ರಿಂದ 18 ಪಿಎಸ್‌ಐ ಒಳ್ಳೆಯ ಆರಂಭ. ಹೂತೇಹೋದಾಗ 12ರವರೆಗೆ ಇಳಿಸುವುದುಂಟು, ಮಾಮೂಲಿ ರಿಮ್ಮಿಗೆ 10ರ ಕೆಳಗೆ ಬೇಡ. ಎಲ್ಲ ಮರಳಿಗೂ ಇದು ಬೇಕೆಂದೂ ಇಲ್ಲ. ಕಣ್ಣೂರಿನ ಹತ್ತಿರದ ಮುಳಪ್ಪಿಲಂಗಾಡ್ ಕಡಲತೀರದಲ್ಲಿ ಸಾದಾ ಕಾರುಗಳೂ ಓಡುತ್ತವೆ, ಏಕೆಂದರೆ ಅಲ್ಲಿಯದು ಒದ್ದೆಯಾಗಿ ಬಿಗಿದ ಮರಳು.

ದುಬೈ, ಶಾರ್ಜಾಗಳಲ್ಲಿರುವ ಕನ್ನಡಿಗರು ವಾರದ ರಜೆಗೆ ಬಿಗ್ ರೆಡ್ ಗುಡ್ಡದ ಕಡೆ ಗಾಡಿ ತಿರುಗಿಸುವಾಗ ನೆನಪಿಡಬೇಕಾದ್ದು ಇಷ್ಟು. ಗಾಳಿಯನ್ನು ಮರಳಿನ ಅಂಚಿನಲ್ಲೇ ಇಳಿಸಿ, ಹೂತ ಮೇಲಲ್ಲ. ಕಣ್ಣಳತೆ ನಂಬದೆ ನಾಲ್ಕೂ ಟೈರನ್ನು ಗೇಜ್ ಇಟ್ಟು ನೋಡಿ. ಮತ್ತೆ ಗಾಳಿ ತುಂಬಿಸಲು ಗಾಡಿಯಲ್ಲಿ ಪಂಪೂ ಇಲ್ಲದೆ, ಪೆಟ್ರೋಲ್ ಬಂಕೂ ತೀರಾ ಸಮೀಪದಲ್ಲಿ ಇಲ್ಲದಿದ್ದರೆ, ಆ ದಿನ ಮರಳಿಗೆ ಇಳಿಯಬೇಡಿ.