ಸಂಡೂರಿನ ಕೆಂಗಲ್ಲಿನೊಳಗೆ ಡಿರಾಕ್

ಕುರುಗೋಡಿನ ಬೆಟ್ಟಗಳು ಕಣಶಿಲೆಯವು, ಸಿರುಗುಪ್ಪದ ಬಯಲು ಎರೆಮಣ್ಣಿನದು. ಬಳ್ಳಾರಿಯಿಂದ ಸಂಡೂರಿನತ್ತ ಹೊರಟರೆ ಮಾತ್ರ ಬೆಟ್ಟ, ರಸ್ತೆ, ಲಾರಿ ಎಲ್ಲವೂ ಕೆಂಪು. ಅದು ಹೆಮಟೈಟ್ ಅದಿರಿನ ಬಣ್ಣ. ರಾಬರ್ಟ್ ಬ್ರೂಸ್ ಫೂಟ್ 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಗ್ರಂಥವಾಗಿ ಹೊರತಂದಾಗ ಎಲೆಕ್ಟ್ರಾನ್ ಇನ್ನೂ ಪತ್ತೆಯಾಗಿರಲಿಲ್ಲ. ಆದರೂ ಈ ಕಲ್ಲಿನ ಒಂದು ಗುಣವನ್ನು ಎಲೆಕ್ಟ್ರಾನಿನ ಸಾಪೇಕ್ಷತಾ ಸಮೀಕರಣವಿಲ್ಲದೆ ವಿವರಿಸಲಾಗದು ಎಂಬುದು ನನ್ನ ವಾದ. ಕುದುರೆಮುಖದಲ್ಲಿ ತೆಗೆಯುತ್ತಿದ್ದ ಮ್ಯಾಗ್ನಟೈಟ್ ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುತ್ತದೆ; ಹೆಮಟೈಟಿನ ಕಾಂತತ್ವ ಅದರ ಸುಮಾರು 200ನೇ ಒಂದು ಪಾಲು. ಅಷ್ಟಾದರೂ ಇರುವುದೇ ಸೋಜಿಗ. ಏಕೆಂದರೆ ಇದರಲ್ಲಿ ಕಬ್ಬಿಣದ ಒಂದು ಪದರದ ಸ್ಪಿನ್‌ಗಳು (ಎಲೆಕ್ಟ್ರಾನ್‌ಗಳನ್ನು ಪುಟ್ಟ ಅಯಸ್ಕಾಂತಗಳಾಗಿಸುವ ಗುಣ) ಒಂದು ದಿಕ್ಕಿಗಿದ್ದರೆ ಮಗ್ಗುಲ ಪದರದವು ಎದುರು ದಿಕ್ಕಿಗಿವೆ. ಲೆಕ್ಕ ಸೊನ್ನೆಯಾಗಬೇಕಿತ್ತು.

ಎಲೆಕ್ಟ್ರಾನಿಗೆ ಸ್ಪಿನ್ ಇದೆಯೆಂದು ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ 1925ರಲ್ಲಿ ಊಹಿಸಿದರು. ಪೌಲಿ 1927ರಲ್ಲಿ ಅದನ್ನು ಸಮೀಕರಣಕ್ಕೆ ತಾವಾಗಿಯೇ ಸೇರಿಸಿದರು. ಮರುವರ್ಷ ಡಿರಾಕ್ ಕ್ವಾಂಟಂ ತತ್ತ್ವವನ್ನು ಸಾಪೇಕ್ಷತೆಯೊಂದಿಗೆ ಹೊಂದಿಸಿದಾಗ ಸ್ಪಿನ್ ಕೇಳದೆಯೇ ಒದಗಿಬಂತು. ಹೊರಗಿನ ಕಾಂತಕ್ಷೇತ್ರದಲ್ಲಿ ಅದರ ಕಾಂತಬಲ ಸರಿಹೊಂದಿತು. ವಿದ್ಯುತ್ ಕ್ಷೇತ್ರದಲ್ಲಿ ಸ್ಪಿನ್ ಮತ್ತು ಚಲನೆ ಒಂದಕ್ಕೊಂದು ಹೆಣೆದುಕೊಂಡವು. ನಿಧಾನವಾಗಿ ಚಲಿಸುವ ಎಲೆಕ್ಟ್ರಾನಿನಲ್ಲೂ ಈ ಹೆಣಿಗೆ ಉಳಿಯುವುದನ್ನು ಫೋಲ್ಡಿ ಮತ್ತು ವೌಟ್‌ಹೌಸೆನ್ 1950ರಲ್ಲಿ ಬಿಡಿಸಿ ತೋರಿಸಿದರು. ಹೆಮಟೈಟಿನ ಹರಳಿನ ಸಮ್ಮಿತಿಯು ಎದುರುಬದುರಾದ ಸ್ಪಿನ್‌ಗಳು ತುಸು ಓರೆಯಾಗಲು ಎಡೆಗೊಡುತ್ತದೆಂದು ಝಿಯಾಲೋಶಿನ್‌ಸ್ಕಿ ಕಂಡುಕೊಂಡರು. ಓರೆ ಮಾಡುವ ಬಲ ಇದೇ ಹೆಣಿಗೆಯಿಂದ ಹುಟ್ಟುತ್ತದೆಂದು 1960ರಲ್ಲಿ ಮೋರಿಯಾ ತೋರಿಸಿದರು. ಓರೆ ಒಂದು ಡಿಗ್ರಿಯ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಕಲ್ಲಿನ ಕಾಂತತ್ವವೆಲ್ಲ ಅಷ್ಟರಲ್ಲೇ ಇದೆ.

ಅದಿರಿನಲ್ಲಿ ಬೆರೆತ ಮ್ಯಾಗ್ನಟೈಟ್ ಕಣಗಳೇ ಇದಕ್ಕೆ ಕಾರಣವಿರಬಾರದೇಕೆ ಎಂದು ಕೇಳಬಹುದು. ಗಣಿಯ ಕಲ್ಲಿನ ಮಟ್ಟಿಗೆ ಈ ಶಂಕೆ ನ್ಯಾಯವಾದದ್ದೇ. ಆದರೆ ಶುದ್ಧ ಹರಳಿನಲ್ಲೂ ಈ ಗುಣವಿದೆ. ಸುಮಾರು -13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸ್ಪಿನ್‌ಗಳ ಅಕ್ಷ ಬದಲಾಗಿ, ಸಮ್ಮಿತಿ ಓರೆಯನ್ನು ತಡೆಯುತ್ತದೆ, ಕಾಂತತ್ವ ಮಾಯವಾಗುತ್ತದೆ. 1950ರಲ್ಲಿ ಮೋರಿನ್ ಗಮನಿಸಿದ ಈ ತಿರುವು ಮ್ಯಾಗ್ನಟೈಟಿನಲ್ಲಿಲ್ಲ. ಅಂಥ ಚಳಿಯನ್ನೇ ಕಾಣದ ಬಳ್ಳಾರಿಯಲ್ಲಿ ಹೆಮಟೈಟ್ ಸದಾ ಓರೆ ಸ್ಥಿತಿಯಲ್ಲೇ ಇರುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಬಲವಾದದ್ದು. ಸಾಪೇಕ್ಷತೆಯ ನೆರವಿಲ್ಲದೆಯೂ ಸ್ಪಿನ್ ಮತ್ತು ಅದರ ಸರಿಯಾದ ಕಾಂತಬಲವನ್ನು ಪಡೆಯಬಹುದೆಂದು ಲೆವಿ-ಲೆಬ್ಲಾಂಡ್ 1967ರಲ್ಲಿ ಸಾಧಿಸಿದರು. ಹಾಗಿದ್ದ ಮೇಲೆ ಡಿರಾಕ್ ಏಕೆ? ಸ್ಪಿನ್ನಿನ ಮಟ್ಟಿಗೆ ಇದನ್ನು ಒಪ್ಪಲೇಬೇಕು. ಆದರೆ ಸ್ಪಿನ್ ಮತ್ತು ಚಲನೆಯ ಹೆಣಿಗೆ ಲೆವಿ-ಲೆಬ್ಲಾಂಡ್ ಅವರ ಸಮೀಕರಣದಲ್ಲಿ ಬರುವುದಿಲ್ಲ. ಅದಿಲ್ಲದೆ ಓರೆಯಿಲ್ಲ, ಓರೆಯಿಲ್ಲದೆ ಹೆಮಟೈಟ್ ಅಯಸ್ಕಾಂತದ ಕಡೆ ಇಷ್ಟೂ ವಾಲುತ್ತಿರಲಿಲ್ಲ.